ಈ ವಾರದ ಸಮಸ್ಯೆ: ಅಳಲ ಹಾಡಿರಿ, ಒಳಿತು ಗೆಲ್ಲಲಿ

ಪೃಚ್ಛಕ (ಸಮಸ್ಯೆ ಕೊಡುವವರು): ಗೆಳೆಯರೇ, ಈ ಸಲದ ಸಮಸ್ಯೆ, ಅಂದರೆ ಪದ್ಯದ ಕೊನೆಗೆ ಬರಬೇಕೆಂದು ಕೊಟ್ಟ ಸಾಲು, ಗ್ರೀಸಿನದು. ಉಳಿದ ಸಾಲುಗಳನ್ನು ಕಟ್ಟುವುದೇ ಪೂರಣ. ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ಆರ್ಗಾಸ್ ಊರಿನ ಮುದುಕರ ಮೇಳ ಈ ಪಲ್ಲವಿಯನ್ನು ಮೂರು ಸಲ ಹಾಡುತ್ತದೆ. ಅದರ ಭಾವವನ್ನು ಭಾಮಿನಿ ಷಟ್ಪದಿಯ ನಡೆಗೆ ತಂದಿದ್ದೇನೆ. 3-4-3-4 ಮಾತ್ರೆ, ನಾಲ್ಕು ಸಾಲು, ಆದಿಪ್ರಾಸ ‘ಳ’ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರಬೇಕು). ಅಳುವೂ ಪ್ರಾರ್ಥನೆಯೂ ಒಂದೇ ಉಸಿರಲ್ಲಿ ಬರಬೇಕು. ಸುಮ್ನೆ ಸಮಾಧಾನ ಹೇಳಿ ಮುಗಿಸಬೇಡಿ.

ಮೊದಲ ಪೂರಣ:

ಒಳಗೆ ಮರಿಗಳ ಹೊತ್ತ ಮೊಲವನು
ಸೆಳೆದು ತಿಂದವು ಹದ್ದುಗಳೆರಡು
ಮುಳಿದ ದೇವಿಯು ಮರಳಿ ನಗುವಳೆ?
ಅಳಲ ಹಾಡಿರಿ, ಒಳಿತು ಗೆಲ್ಲಲಿ

ಟ್ರಾಯ್ ಊರಿನ ಮೇಲೆ ಹೊರಟ ಗ್ರೀಕರ ದಂಡಿಗೆ ಕಂಡ ಶಕುನ ಇದು. ಊರು ಗೆಲ್ಲುತ್ತೀರಿ, ಆದರೆ ಆರ್ಟೆಮಿಸ್ ದೇವಿ ಮುನಿದಿದ್ದಾಳೆ ಅಂತ ದಂಡಿನ ಕಣಿಗಾರ ಕಾಲ್ಕಸ್ ಹೇಳುತ್ತಾನೆ.

ಎರಡನೆಯ ಪೂರಣ:

ಎಳೆಯ ಕೊರಳಿನ ಮೇಲೆ ಕತ್ತಿಯು
ಬಳಿಕ ಕಾಣೆವು, ಹೇಳಲಾರೆವು
ಬೆಳಗು ಬಂದರೆ ತಾನೆ ತಿಳಿವುದು
ಅಳಲ ಹಾಡಿರಿ, ಒಳಿತು ಗೆಲ್ಲಲಿ

ಪೃಚ್ಛಕ: ಮೇಡಂ, ಎರಡನೆಯ ಸಾಲು ಎದೆಗೆ ನಾಟಿತು. ಆ ದೇವಿಯ ಮುನಿಸು ಇಳಿಸಲು, ದಂಡು ತಂಗಿದ್ದ ಔಲಿಸ್‌ನಲ್ಲಿ ಅಪ್ಪ ಅಗಮೆಮ್ನಾನನೇ ಮಗಳು ಇಫಿಜೀನಿಯಾಳನ್ನು ಬಲಿಗೆ ಎತ್ತಿಸುತ್ತಾನೆ. ಅವಳ ಶಾಪ ಮನೆಗೆ ತಟ್ಟಬಾರದು ಅಂತ ಬಾಯಿ ಕಟ್ಟಿಸುತ್ತಾನೆ. ಮುದುಕರು ಇದನ್ನೆಲ್ಲ ಬಿಡದೆ ಹೇಳುತ್ತಾರೆ. ಕತ್ತಿ ಇಳಿಯುವ ಹೊತ್ತಿಗೆ ಮಾತ್ರ ‘ಮುಂದಿನದು ನಾನು ನೋಡಲಿಲ್ಲ, ಹೇಳುವುದೂ ಇಲ್ಲ’ ಅಂತ ನಿಲ್ಲಿಸಿಬಿಡುತ್ತಾರೆ. ಆಮೇಲೂ ಒಳಿತನ್ನೇ ಬೇಡುತ್ತಾರೆ. ಅಷ್ಟು ಕಂಡ ಮೇಲೂ ಬೇಡುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಮೂರನೆಯ ಪೂರಣ:

ಉಳಿದ ನೋವದು ನಿದ್ದೆಯೊಳಗೂ
ತುಳುಕಿ ಎದೆಯಲಿ ಹನಿಯುತಿರುವುದು
ತಿಳಿವು ಬರುವುದು ಬೇಡವೆಂದರು
ಅಳಲ ಹಾಡಿರಿ, ಒಳಿತು ಗೆಲ್ಲಲಿ

ಇದು ಮುದುಕರು ದೇವರ ದೊರೆ ಜ್ಯೂಸ್‌ನನ್ನು ಕರೆಯುವ ಭಾಗ. ‘ಅವನು ಯಾರೇ ಆಗಿರಲಿ’ ಅಂತಲೇ ಶುರು. ನೋವು ಪಟ್ಟೇ ಕಲಿಯಬೇಕು ಎಂಬುದು ಜ್ಯೂಸ್ ಇಟ್ಟ ಕಟ್ಟಳೆ ಅನ್ನುತ್ತಾರೆ. ಇದನ್ನು ಸಾಂತ್ವನದ ಮಾತಾಗಿ ಓದುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಸಿಕ್ಕ ಅರಿವಿಗೆ ನೋವು ತಕ್ಕ ಬೆಲೆ ಅಂತ ಆ ಮುದುಕರು ಎಲ್ಲೂ ಹೇಳುವುದಿಲ್ಲ. ದೇವರ ಕೃಪೆಯೂ ಬಲವಂತದ್ದೇ ಅನ್ನುತ್ತಾರೆ.

ಪೃಚ್ಛಕ: ಸರಿಯಾಗಿ ಹಿಡಿದಿರಿ ಸರ್. ಇನ್ನೊಂದು ಪಾತ್ರ ಬಾಕಿ ಇದೆ. ಟ್ರಾಯ್‌ನಿಂದ ಸೆರೆಯಾಗಿ ಬಂದ ರಾಜಕುಮಾರಿ ಕಸಾಂಡ್ರ ಅಪೋಲೋ ದೇವರ ಹೆಸರು ಹಿಡಿದು ಗೋಳಿಡುತ್ತಾಳೆ. ಆಗ ಇದೇ ಮೇಳ, ಅಪೋಲೋನನ್ನು ಅತ್ತು ಕರೆಯಬಾರದು ಅಂತ ಅವಳನ್ನು ತಡೆಯುತ್ತದೆ. ಅಳುವನ್ನೂ ಪ್ರಾರ್ಥನೆಯನ್ನೂ ಬೆರೆಸಿ ಹಾಡಿದವರು ಇವರೇ ಅಲ್ವಾ? ಅವಳ ಬಾಯಲ್ಲಿ ಇದೇ ಸಾಲು ಹೇಗೆ ಕೇಳಿಸೀತು? ಯಾರಾದರೂ ಪೂರೈಸಿ.