ಒಂದೇ ಬಯೋಚಾರ್, ಮೂರು ಲ್ಯಾಬ್, ಮೂರು ಫಲಿತಾಂಶ: ಎಸ್‌ಒಪಿಯಲ್ಲಿ ಏನೇನು ಕಟ್ಟಿಹಾಕಬೇಕು?

ಕಪ್ಪುಪುಡಿ

ಒಂದೇ ಚೀಲದ ಬಯೋಚಾರ್ (ಗಾಳಿ ಕಡಿಮೆಯಿಟ್ಟು ಕಾಯಿಸಿ ಮಾಡಿದ ಇದ್ದಿಲು) ಮೂರು ಲ್ಯಾಬ್‌ಗೆ ಹೋಗಿದೆ. ಬೂದಿ 18.2%, 15.9%, 18.0%. ಪಿಎಚ್ 9.9, 9.1, 9.6. ಹೈಡ್ರೋಜನ್–ಕಾರ್ಬನ್ ಪರಮಾಣು ಅನುಪಾತ (ಎಚ್/ಸಿ) 0.31, 0.37, 0.31. ಬೂದಿಗೆ ಮೊದಲ ಲ್ಯಾಬ್ 550 ಡಿಗ್ರಿ ಸೆಲ್ಸಿಯಸ್ ಇಟ್ಟಿದೆ. ಎರಡನೆಯದು ಎಎಸ್‌ಟಿಎಂ ಡಿ1762-84 (ಇದ್ದಿಲು ಪರೀಕ್ಷೆಯ ಮಾನದಂಡ) ಹಿಡಿದು 750 ಡಿಗ್ರಿ. ಮೂರನೆಯದರ ವರದಿಯಲ್ಲಿ ವಿಧಾನದ ಸುಳಿವೇ ಇಲ್ಲ. ಮೂವರಿಗೂ ಒಂದೇ ಎಸ್‌ಒಪಿ (ಪರೀಕ್ಷೆಯ ಲಿಖಿತ ಕಾರ್ಯವಿಧಾನ) ಕೊಡಬೇಕಿದೆ. ಯಾವ ಅಂಶವನ್ನು ಲ್ಯಾಬ್‌ನವರ ವಿವೇಚನೆಗೆ ಬಿಡಬಾರದು?

ಮೂಸೆ_ಇಕ್ಕಳ

ಬೂದಿಯ ವ್ಯತ್ಯಾಸವನ್ನು ಲ್ಯಾಬ್‌ನ ತಪ್ಪು ಅನ್ನಬೇಡಿ, ಅದು ತಾಪಮಾನದ್ದು. 750 ಡಿಗ್ರಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. 100 ಗ್ರಾಂಗೆ 44 ಗ್ರಾಂ ನಷ್ಟ. 18.2ರಲ್ಲಿ 15.9 ಕಳೆದರೆ 2.3. ಅಷ್ಟೂ ಕಾರ್ಬೊನೇಟ್‌ನದೇ ಆದರೆ ಚಾರ್‌ನಲ್ಲಿ ಅದು ಸುಮಾರು 5.2% ಇರಬೇಕು. ಪೊಟ್ಯಾಸಿಯಂ ಕ್ಲೋರೈಡ್ ಕೂಡ ಆ ಬಿಸಿಗೆ ಸ್ವಲ್ಪ ಆವಿಯಾಗುತ್ತದೆ, ಹಾಗಾಗಿ ಇದು ಅಂದಾಜಷ್ಟೇ.

ನನ್ನ ಮತ 550ಕ್ಕೆ. 1 ಗ್ರಾಂ ಪುಡಿಯನ್ನು ಅಗಲ ಮೂಸೆಯಲ್ಲಿ ತೆಳ್ಳಗೆ ಹರಡಿ, ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ, ತೂಕ ನಿಲ್ಲುವವರೆಗೆ ಇಡಿ. ಗುಡ್ಡೆ ಹಾಕಿದರೆ ಅಡಿಯದು ಸುಡುವುದಿಲ್ಲ. ಕಪ್ಪು ಚುಕ್ಕೆ ಕಂಡರೆ ಇನ್ನೊಂದು ಗಂಟೆ ಬೇಕು ಅಂತಲೇ ಅರ್ಥ. ಇನ್ನು, ಕುಲುಮೆ 200 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಬಾಗಿಲು ತೆರೆಯಬೇಡಿ. ಹಗುರ ಬೂದಿ ಗಾಳಿಗೆ ಹಾರಿಹೋಗುತ್ತದೆ, ಹಾರಿದ್ದು ಕಣ್ಣಿಗೆ ಬೀಳುವುದೂ ಇಲ್ಲ.

ಜರಡಿ60

ಎಚ್/ಸಿ ವಿಷಯದಲ್ಲಿ ಮೊದಲು ತೇವಾಂಶವನ್ನೇ ಅನುಮಾನಿಸಿ. 1% ನೀರು ಅಂದರೆ 0.11% ಹೈಡ್ರೋಜನ್. ಒಣ ಚಾರ್‌ನಲ್ಲಿ ಕಾರ್ಬನ್ 70, ಹೈಡ್ರೋಜನ್ 1.8 ಇದ್ದರೆ ಅನುಪಾತ 0.31. ಅದೇ ಪುಡಿ 3% ತೇವ ಹೀರಿಕೊಂಡ ಮೇಲೆ ಕಾರ್ಬನ್–ಹೈಡ್ರೋಜನ್ ಅಳೆಯುವ ಯಂತ್ರಕ್ಕೆ ಹೋದರೆ 0.37 ಬರುತ್ತದೆ. ನಿಮ್ಮ ಎರಡನೇ ಲ್ಯಾಬ್‌ನ ಅಂಕಿ ನೋಡಿ. 105 ಡಿಗ್ರಿಯಲ್ಲಿ ಒಣಗಿಸಿದರೆ ಸಾಲದು. ಡೆಸಿಕೇಟರ್‌ನಲ್ಲಿ (ತೇವ ಒಳಬಾರದ ಮುಚ್ಚಿದ ಪಾತ್ರೆ) ತಣಿಸಿ, ತೆಗೆದ ಕೂಡಲೇ ತೂಗಿ, ತವರದ ಕ್ಯಾಪ್ಸೂಲ್ ಮುಚ್ಚಬೇಕು. ಚಾರ್ ತೆರೆದಿಟ್ಟ ಕೆಲವೇ ನಿಮಿಷದಲ್ಲಿ ತೇವ ಎಳೆಯಲು ಶುರುಮಾಡುತ್ತದೆ.

ಐಬಿಐ (ಅಂತರರಾಷ್ಟ್ರೀಯ ಬಯೋಚಾರ್ ಸಂಸ್ಥೆ), ಇಬಿಸಿ (ಯುರೋಪಿಯನ್ ಬಯೋಚಾರ್ ಪ್ರಮಾಣಪತ್ರ) ಎರಡರ ಮಾನದಂಡದಲ್ಲೂ ಗರಿಷ್ಠ ಮಿತಿ 0.7 ಇರುವುದು ಸಾವಯವ ಕಾರ್ಬನ್ ಆಧಾರದ ಅನುಪಾತಕ್ಕೆ. ಆದ್ದರಿಂದ ಆಮ್ಲ ಹಾಕಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆದು, ಅಜೈವಿಕ ಕಾರ್ಬನ್ ಕಳೆಯಿರಿ. ಆಮ್ಲದಲ್ಲಿ ತೊಳೆದು ಶೇಷವನ್ನು ಅಳೆಯುವ ದಾರಿ ನನಗೆ ಒಪ್ಪಿಗೆಯಿಲ್ಲ: ಕರಗುವ ಸಾವಯವ ಅಂಶವೂ ತೊಳೆದುಹೋಗುತ್ತದೆ.

ಇವೆಲ್ಲಕ್ಕೂ ಮುಂಚೆ, ಮಾದರಿ ಹಂಚಿದ್ದು ಹೇಗೆ? ಸಾಗಾಟದ ಕುಲುಕಾಟದಲ್ಲಿ ನುಣ್ಣನೆ ಪುಡಿ ಅಡಿಗಿಳಿಯುತ್ತದೆ, ಬೂದಿ ಹೆಚ್ಚಿರುವುದು ಸಾಮಾನ್ಯವಾಗಿ ಅದರಲ್ಲೇ. ಮೇಲಿಂದ ಚಮಚದಲ್ಲಿ ತೆಗೆದದ್ದು ಆ ಚೀಲದ ಮಾದರಿಯೇ ಅಲ್ಲ. ರಾಶಿ ಹಾಕಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸಿಕೊಳ್ಳಿ. ಬೇಕಾದ ಪ್ರಮಾಣ ಬರುವವರೆಗೆ ಇದನ್ನೇ ಮಾಡಿ. ಜರಡಿ ಮೇಲೆ ಉಳಿದದ್ದನ್ನು ಎಸೆಯದೆ ಮತ್ತೆ ಅರೆದು ಇಳಿಸಬೇಕು.

ಕಪ್ಪುಪುಡಿ

ಹಂಚಿದ್ದು ಚಮಚದಲ್ಲೇ. ಹಾಗಾದರೆ ಬೂದಿಯ ಲೆಕ್ಕವನ್ನೂ ಮತ್ತೆ ಮಾಡಿಸಬೇಕು. ಪಿಎಚ್‌ಗೆ?

ಮೂಸೆ_ಇಕ್ಕಳ

ಐಬಿಐ ಪದ್ಧತಿಯಲ್ಲಿ ಡಿಅಯನೈಸ್ಡ್ ನೀರು, 1:20, 90 ನಿಮಿಷ ಶೇಕರ್. ಇಬಿಸಿಯಲ್ಲಿ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ. ಎರಡರ ಅಂಕಿ ಒಂದಾಗುವುದಿಲ್ಲ, ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸೂತ್ರ ಹುಡುಕಲೂ ಹೋಗಬೇಡಿ. ನೀರಿನ ಪದ್ಧತಿ ಆರಿಸಿದರೆ 1 ಗ್ರಾಂ ಚಾರ್‌ಗೆ 20 ಮಿಲಿಲೀಟರ್. ಪುಡಿ ತೇಲುತ್ತದೆ, ಬಾಟಲಿ ಗೋಡೆಗೂ ಅಂಟುತ್ತದೆ; ಬಾಟಲಿಯನ್ನು ಮಲಗಿಸಿ ಅಲುಗಾಡಿಸಿದರೆ ಚೆನ್ನಾಗಿ ನೆನೆಯುತ್ತದೆ. ಮೀಟರನ್ನು 7 ಮತ್ತು 10ರ ಬಫರ್‌ನಲ್ಲಿ ಸರಿಹೊಂದಿಸಿ. 4 ಮತ್ತು 7ರಲ್ಲಿ ನಿಲ್ಲಿಸಿ 9.9 ಓದಿದರೆ ಅದನ್ನು ನಂಬಲಾಗದು.

ಕುಲುಮೆಬಾಗಿಲು

550ಕ್ಕೆ ತಕರಾರಿಲ್ಲ, ಆದರೆ ವೊಲಟೈಲ್ ಅಂಶವನ್ನು (ಕಾಯಿಸಿದಾಗ ಅನಿಲವಾಗಿ ಹೋಗುವ ಭಾಗ) ಡಿ1762ರಂತೆ 950 ಡಿಗ್ರಿಯಲ್ಲಿ ತೆಗೆದು, ಬೂದಿಯನ್ನು 550ರದ್ದು ತೆಗೆದುಕೊಂಡು ಫಿಕ್ಸೆಡ್ ಕಾರ್ಬನ್ (ಒಣ ಚಾರ್‌ನಲ್ಲಿ ವೊಲಟೈಲ್, ಬೂದಿ ಕಳೆದು ಉಳಿಯುವುದು) ಲೆಕ್ಕ ಹಾಕಬಾರದು. ಕಾರ್ಬೊನೇಟ್‌ನಿಂದ ಹೋದ ಅನಿಲ ವೊಲಟೈಲ್‌ನಲ್ಲೂ ಬೂದಿಯಲ್ಲೂ ಎರಡು ಸಲ ಎಣಿಕೆಯಾಗುತ್ತದೆ. ಆ ಲೆಕ್ಕಕ್ಕೆ 750ರ ಬೂದಿಯೇ ಇರಲಿ. ಎರಡೂ ಬೂದಿ ವರದಿಯಾಗಲಿ, ತಾಪಮಾನ ಪಕ್ಕದಲ್ಲೇ ಇರಲಿ. ವೊಲಟೈಲ್ ಮಾಡುವಾಗ ಮುಚ್ಚಳ ಬಿಗಿಯಾಗಿರಬೇಕು. ತೆಗೆದಾಗ ಪುಡಿಯ ಮೇಲೆ ಬಿಳಿ ಬೂದಿ ಕಂಡರೆ ಗಾಳಿ ನುಗ್ಗಿದೆ. ಆ ಓದುವಿಕೆ ಬಿಟ್ಟುಬಿಡಿ.

ಒಂದು ದೊಡ್ಡ ಬ್ಯಾಚನ್ನು ಅರೆದು, ಕಲಸಿ, ಗಾಜಿನ ಬಾಟಲಿಗಳಲ್ಲಿ ಮುಚ್ಚಿಟ್ಟು ಮೂರೂ ಲ್ಯಾಬ್‌ಗೆ ಕೊಡಿ. ಪ್ರತಿ ಸರದಿಯಲ್ಲೂ ಅದು ಜೊತೆಗೆ ಓಡಲಿ. ಅಂಕಿ ಜಾರತೊಡಗಿದರೆ ಮೊದಲು ಗೊತ್ತಾಗುವುದು ಅಲ್ಲೇ.

ಪಿಎಎಚ್ (ಚಾರ್ ಮಾಡುವಾಗ ಹುಟ್ಟುವ ವಿಷಕಾರಿ ಹೈಡ್ರೋಕಾರ್ಬನ್‌ಗಳು) ಪರೀಕ್ಷೆ ಮಾಡಿಸುವುದಿದ್ದರೆ ದ್ರಾವಕದ ಹೆಸರನ್ನೂ ಬರೆಯಿರಿ: ಟಾಲುಯೀನ್, ಸಾಕ್ಸ್‌ಲೆಟ್ (ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಸೆಳೆಯುವ ಉಪಕರಣ), 36 ಗಂಟೆ. ಮಣ್ಣಿಗೆ ಬಳಸುವ ಹೆಕ್ಸೇನ್‌ನಂಥ ದ್ರಾವಕಗಳಿಗೆ ಚಾರ್ ಪಿಎಎಚ್ ಬಿಟ್ಟುಕೊಡುವುದು ಕಡಿಮೆ. ವರದಿ ಶುದ್ಧವಾಗಿ ಕಾಣುತ್ತದೆ, ಪಿಎಎಚ್ ಮಾತ್ರ ಚಾರ್‌ನಲ್ಲೇ ಉಳಿದಿರುತ್ತದೆ.