ಮಳೆಗಾಲದಲ್ಲಿ ಕರೆಂಟು ಬಿಲ್ ಏಕಾಏಕಿ ಏರಿದೆ: ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ನಾಪೋಕ್ಲು ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಪೋಕ್ಲಿನಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇರುವ ಹಳೆಯ ಹಂಚಿನ ಮನೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗಲೇ ಸೇವಾ ಸಿಂಧುವಿನಲ್ಲಿ ನೋಂದಾಯಿಸಿಕೊಂಡಿದ್ದೆವು. 2022-23ರಲ್ಲಿ ನಮ್ಮ ಸರಾಸರಿ ಬಳಕೆ ತಿಂಗಳಿಗೆ 118 ಯೂನಿಟ್ ಇದ್ದುದರಿಂದ, ಅದಕ್ಕೆ ಶೇಕಡಾ 10 ಸೇರಿಸಿ ಸುಮಾರು 130 ಯೂನಿಟ್ ನಮ್ಮ ಪಾಲಿಗೆ ಉಚಿತವಾಗಿದೆ. ನಾವು 125ರ ಆಸುಪಾಸಿನಲ್ಲಿಯೇ ಇರುವವರಾದ್ದರಿಂದ ಎರಡು ವರ್ಷ ಸೊನ್ನೆ ಬಿಲ್ಲೇ ಬರುತ್ತಿತ್ತು.

2025ರ ಈ ಆಗಸ್ಟಿನಲ್ಲಿ ಬಂದ ಬಿಲ್ಲಿನಲ್ಲಿ ಬಳಕೆ 231 ಯೂನಿಟ್ ಎಂದಿದೆ; ಕಟ್ಟಬೇಕಾದ ಮೊತ್ತ ಹತ್ತಿರ ಹತ್ತಿರ 1,850 ರೂಪಾಯಿ. ಜೂನ್ ಕೊನೆಗೆ ಮಗಳು ಬಾಣಂತನಕ್ಕೆಂದು ಮನೆಗೆ ಬಂದಿದ್ದಾಳೆ. ಮಗುವಿಗೆ ಸ್ನಾನ ಮಾಡಿಸುವಾಗ ಕೋಣೆ ಬೆಚ್ಚಗಿರಲೆಂದು ಬೆಳಿಗ್ಗೆ ಅರ್ಧ ಗಂಟೆ ಹೀಟರ್ ಹಾಕುತ್ತೇವೆ, ಅದೂ ಒಂದೇ ಸರಳು, 1,000 ವ್ಯಾಟಿನದು. ಸ್ನಾನದ ನೀರು ಎಂದಿನಂತೆ ಬಚ್ಚಲ ಹಂಡೆಯದೇ. ಮನೆಯಲ್ಲಿ ಗೀಸರ್ ಇಲ್ಲ. ಆದರೂ ಬಿಲ್ ನೋಡಿದ ಮರುದಿನವೇ ನಮ್ಮ ಯಜಮಾನರು ಹೀಟರನ್ನು ಅಟ್ಟಕ್ಕೆ ಹಾಕಿದರು. ಮಗಳು ಏನೂ ಹೇಳಲಿಲ್ಲ, ಆದರೆ ಅಂದಿನಿಂದ ತನ್ನ ಕೋಣೆಯ ದೀಪವನ್ನು ಸಂಜೆ ಏಳಾದರೂ ಹಚ್ಚುತ್ತಿಲ್ಲ. ಬಾಣಂತಿ ಬಂದಳೆಂದು ಒಂದೇ ತಿಂಗಳಲ್ಲಿ ನೂರು ಯೂನಿಟ್ ಏರಲು ಸಾಧ್ಯವೇ? ಅಥವಾ ಮೀಟರೇ ಕೆಟ್ಟಿರಬಹುದೇ? ದೂರು ಕೊಡುವ ಮೊದಲು ತಿಳಿದವರು ದಾರಿ ತೋರಿಸಬೇಕು.

ಉತ್ತರ: ಗೋಣಿಕೊಪ್ಪಲಿನ ನಿವೃತ್ತ ನೌಕರ

ಅಕ್ಕಾ, ಮೊದಲು ಬಿಲ್ಲಿನ ಲೆಕ್ಕ ನೋಡೋಣ, ಏಕೆಂದರೆ ಬಳಕೆ ಏರಿದ್ದು ಒಂದು ವಿಷಯ, ಹಣ ಇಷ್ಟೊಂದು ಏರಿದ್ದು ಇನ್ನೊಂದು ವಿಷಯ. ಗೃಹಜ್ಯೋತಿಯಲ್ಲಿ ನಮ್ಮ ಪಾಲಿನ ಯೂನಿಟ್ ದಾಟಿ, 200ರ ಒಳಗೇ ಇದ್ದರೆ ಹೆಚ್ಚುವರಿ ಬಳಕೆಗೆ ಮಾತ್ರ ಹಣ ಕಟ್ಟಬೇಕು. 200 ದಾಟಿತೆಂದರೆ ಆ ತಿಂಗಳ ಉಚಿತವೆಲ್ಲ ಹೋಗಿ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ ನಮ್ಮ ತಲೆಗೆ ಬರುತ್ತದೆ. ನೀವು 200ಕ್ಕೆ ನಿಂತಿದ್ದರೆ 70 ಯೂನಿಟ್‌ನ ದರವಾಗಿ 406 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮುಂತಾದವು ಬೀಳುತ್ತಿದ್ದವು. 201 ಆದ ಕೂಡಲೇ ಲೆಕ್ಕವೇ ಬೇರೆ.

2025ರ ಏಪ್ರಿಲ್‌ನಿಂದ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ನಿಮ್ಮ ಮನೆಗೆ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇರಬಹುದೆಂದು ಇಟ್ಟುಕೊಂಡರೆ, ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ 290. ಯೂನಿಟ್‌ಗಳ ಬಾಬ್ತು 1,339 ರೂಪಾಯಿ 80 ಪೈಸೆ, ಅದರ ಮೇಲೆ ಶೇಕಡಾ 9ರ ತೆರಿಗೆ ಸುಮಾರು 120, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಸಲುವಾಗಿ ಏಪ್ರಿಲ್‌ನಿಂದ ಸೇರಿರುವ ಯೂನಿಟ್‌ಗೆ 36 ಪೈಸೆಯ ಲೆಕ್ಕದಲ್ಲಿ 83. ಒಟ್ಟು 1,833 ಆಯಿತು; ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ ಸೇರಿದರೆ ನಿಮ್ಮ ಮೊತ್ತಕ್ಕೆ ಸರಿಹೋಗುತ್ತದೆ. ಅಂದರೆ ಬಿಲ್ ಮಾಡಿದ್ದರಲ್ಲಿ ತಪ್ಪಿಲ್ಲ, ತಪ್ಪೇನಾದರೂ ಇದ್ದರೆ 231 ಎಂಬ ಅಂಕಿಯಲ್ಲೇ ಇರಬೇಕು.

ಬಿಲ್ಲಿನಲ್ಲಿ ಹಿಂದಿನ ಮತ್ತು ಇಂದಿನ ರೀಡಿಂಗ್, ಎರಡರ ದಿನಾಂಕವೂ ಇರುತ್ತದೆ. ಇಂದಿನ ರೀಡಿಂಗ್ ಮೀಟರಿನಲ್ಲಿ ಕಾಣುವುದಕ್ಕೆ ತಾಳೆಯಾಗುತ್ತದೆಯೇ, ಜಡಿಮಳೆಯಿಂದಾಗಿ ರೀಡರ್ ತಡವಾಗಿ ಬಂದು ಮೂವತ್ತರ ಬದಲು ಮೂವತ್ತೈದು ದಿನದ ಲೆಕ್ಕ ಬಿದ್ದಿದೆಯೇ, ಹಿಂದಿನ ತಿಂಗಳು ಬಾಗಿಲು ಹಾಕಿತ್ತೆಂದು ಅಂದಾಜಿನ ಬಿಲ್ ಮಾಡಿದ್ದರೇ ಎಂಬುದನ್ನು ನೋಡಿ. ಅಂದಾಜಿನಲ್ಲಿ ಕಡಿಮೆ ಬರೆದಿದ್ದರೆ ಆ ಬಾಕಿ ಈ ತಿಂಗಳ ಮೇಲೆ ಬಂದು ಕೂರುತ್ತದೆ.

ಉತ್ತರ: ಸೋಮವಾರಪೇಟೆಯ ಓದುಗ

ಬಚ್ಚಲ ಹಂಡೆಯನ್ನು ಉಳಿಸಿಕೊಂಡಿರುವುದು ಒಳ್ಳೆಯದಾಯಿತು. ಇಪ್ಪತ್ತು ಲೀಟರಿನ ಒಂದು ಬಕೆಟ್ ತಣ್ಣೀರನ್ನು ಸ್ನಾನದ ಹದಕ್ಕೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ಗೀಸರೊಂದೇ ತಿಂಗಳಿಗೆ 60 ಯೂನಿಟ್ ನುಂಗುತ್ತದೆ. ನಿಮ್ಮ ಹೀಟರಿನದು ತಿಂಗಳಿಗೆ 15 ಯೂನಿಟ್ ಮಾತ್ರ. ಅದನ್ನು ಅಟ್ಟಕ್ಕೆ ಹಾಕಿದ್ದು ಅನ್ಯಾಯ.

ನನಗೆ ಇನ್ವರ್ಟರ್ ಮೇಲೆ ಅನುಮಾನ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋಗುವುದು ದಿನನಿತ್ಯದ ಮಾತು. 150 ಎಎಚ್ ಬ್ಯಾಟರಿ ಪೂರ್ತಿ ಖಾಲಿಯಾದರೆ ಮತ್ತೆ ತುಂಬಲು ಎರಡರಿಂದ ಎರಡೂವರೆ ಯೂನಿಟ್ ಬೇಕು, ಬ್ಯಾಟರಿ ಹಳೆಯದಾಗಿ ನೀರು ಕಡಿಮೆಯಾಗಿದ್ದರೆ ಚಾರ್ಜಿಂಗ್ ನಿಲ್ಲುವುದೇ ಇಲ್ಲ. ಬ್ಯಾಟರಿಯ ಮೈ ಮುಟ್ಟಿದರೆ ಬಿಸಿಯಿದೆಯೇ ನೋಡಿ.

ಉತ್ತರ: ವಿರಾಜಪೇಟೆಯ ವೈರಿಂಗ್ ಕೆಲಸದವನು

ಅಮ್ಮಾ, ಊಹೆ ಮಾಡುತ್ತ ಕೂರುವ ಬದಲು ಮೀಟರನ್ನೇ ಕೇಳಬಹುದು. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ 3200 ಎಂಬ ಸಂಖ್ಯೆಯೋ ಅಂಥದ್ದೇ ಬೇರೊಂದೋ ಅಚ್ಚಾಗಿರುತ್ತದೆ. 3200 ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅದರ ಅರ್ಥ. ಮನೆಯ ಫ್ರಿಜ್, ಇನ್ವರ್ಟರ್, ಟಿವಿ ಎಲ್ಲದರ ಪ್ಲಗ್ ತೆಗೆದು, ಪಂಪ್ ಮತ್ತು ಎಲ್ಲ ಸ್ವಿಚ್ ಆಫ್ ಮಾಡಿ, ಮೇನ್ ಮತ್ತು ಎಮ್‌ಸಿಬಿಗಳನ್ನು (ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್) ಮಾತ್ರ ಆನ್ ಇಟ್ಟು ಹತ್ತು ನಿಮಿಷ ಆ ದೀಪವನ್ನು ನೋಡಿ. ಏನೂ ಉರಿಯದಿದ್ದಾಗ ಅದು ಮಿಣುಕಬಾರದು. ಮಿಣುಕಿದರೆ ವೈರಿಂಗಿನಲ್ಲಿ ಎಲ್ಲೋ ಸೋರುತ್ತಿದೆ. ಆಗ ಎಮ್‌ಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಬನ್ನಿ. ಯಾವುದನ್ನು ಇಳಿಸಿದಾಗ ದೀಪ ಸುಮ್ಮನಾಗುತ್ತದೆಯೋ ಆ ಲೈನಿನಲ್ಲಿದೆ ಕಳ್ಳ. ಮೇನ್ ಅನ್ನೇ ಇಳಿಸಿದ ಮೇಲೂ ಮಿಣುಕುತ್ತಿದ್ದರೆ ಮಾತ್ರ ಮೀಟರ್ ಮೇಲೆ ಅನುಮಾನಪಡಬೇಕು, ಆಗ ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಆರ್.ಆರ್. ನಂಬರ್ ಬರೆದು, ಶುಲ್ಕ ಕಟ್ಟಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ, ಅಥವಾ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ತೆಗೆದುಕೊಳ್ಳಿ.

ಇನ್ನೊಂದು ಮಾತು. ಕೆಲವು ಮೀಟರುಗಳಲ್ಲಿ ‘ಇ.ಎಲ್.’ ಎಂಬ ಬೇರೆ ದೀಪವಿರುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಹಿಂದಿರುಗದೆ ಭೂಮಿಗೆ ಇಳಿಯುತ್ತಿದ್ದರೆ ಅದು ಹತ್ತುತ್ತದೆ. ಈಗಿನ ಮೀಟರು ಎರಡರಲ್ಲಿ ಹೆಚ್ಚಿರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಕಡೆ ಮಳೆಗಾಲದ ಬಿಲ್ ತಕರಾರುಗಳಲ್ಲಿ ನಾನು ಹೋಗಿ ನೋಡಿದ ಮನೆಗಳಲ್ಲಿ ಹೆಚ್ಚಿನವು ಇದೇ ಬಗೆಯವು: ನೆನೆದ ಗೋಡೆ, ಇಲಿ ಕಡಿದ ವೈರು, ಕೊಟ್ಟಿಗೆಗೋ ಕಣಕ್ಕೋ ಎಳೆದ ಹಳೆಯ ಲೈನು.

ಮತ್ತೆ ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಯಜಮಾನರು ಟಾರ್ಚ್ ಹಿಡಿದು, ನಾನು ಗಡಿಯಾರ ಹಿಡಿದು ಮೀಟರ್ ಬೋರ್ಡಿನ ಮುಂದೆ ನಿಂತೆವು. ರೀಡಿಂಗ್ ತಾಳೆಯಾಯಿತು, ದಿನಗಳೂ ಸರಿಯಾಗಿ ಮೂವತ್ತು. ಇನ್ವರ್ಟರ್ ಬ್ಯಾಟರಿ ತಣ್ಣಗಿತ್ತು. ಎಲ್ಲವನ್ನೂ ಆಫ್ ಮಾಡಿದ ಮೇಲೂ ಕೆಂಪು ದೀಪ ನಿಮಿಷಕ್ಕೆ ಏಳು ಸಲ ಮಿಣುಕುತ್ತಿತ್ತು, ‘ಇ.ಎಲ್.’ ದೀಪವೂ ಹತ್ತಿತ್ತು. ನಾಲ್ಕನೆಯ ಎಮ್‌ಸಿಬಿ ಇಳಿಸಿದೊಡನೆ ಎರಡೂ ನಿಂತವು. ಅದು ಕೊಟ್ಟಿಗೆಯ ಲೈನು. ಹಸುಗಳನ್ನು ಮಾರಿ ಮೂರು ವರ್ಷವಾಯಿತು, ಈಗ ಅಲ್ಲಿ ಸೌದೆ ಇಡುತ್ತೇವೆ, ದೀಪವನ್ನೂ ಯಾರೂ ಹಾಕುವುದಿಲ್ಲ. ಹೊರಗಿನಿಂದಲೇ ನೋಡಿದಾಗ, ಮಾಡಿನ ಒಡೆದ ಹಂಚಿನ ಕೆಳಗೆ, ಪ್ಲಾಸ್ಟಿಕ್ ಹಾಳೆ ಸುತ್ತಿದ್ದ ವೈರಿನ ಜೋಡಣೆಯೊಂದು ಮಣ್ಣಿನ ಗೋಡೆಗೆ ಅಂಟಿಕೊಂಡಂತೆ ಕಾಣಿಸಿತು. ಗೋಡೆಯಲ್ಲಿ ನೀರು ಇಳಿಯುತ್ತಿತ್ತು.

ಉತ್ತರ: ವಿರಾಜಪೇಟೆಯ ವೈರಿಂಗ್ ಕೆಲಸದವನು

ನಿಮಿಷಕ್ಕೆ ಏಳು ಎಂದರೆ ಗಂಟೆಗೆ 420, ಸುಮಾರು 130 ವ್ಯಾಟ್. ಹಗಲೂ ರಾತ್ರಿ ಹೀಗೆಯೇ ಹರಿದರೆ ದಿನಕ್ಕೆ ಮೂರು ಯೂನಿಟ್‌ಗೂ ಮೇಲೆ, ತಿಂಗಳಿಗೆ 94. ನಿಮ್ಮ ಎಂದಿನ 125, ಹೀಟರಿನ 15, ಇದರ 94 ಕೂಡಿದರೆ 234. ಬಿಲ್ಲಿನ 231ಕ್ಕೆ ಮೂರೇ ಯೂನಿಟ್ ಆಚೆ.

ಹಣದ ಮಾತು ಹಾಗಿರಲಿ. ಆ ಗೋಡೆಯನ್ನಾಗಲಿ, ಅದಕ್ಕೆ ತಾಗಿದ ಸೌದೆಯನ್ನಾಗಲಿ ಯಾರೂ ಮುಟ್ಟಬೇಡಿ. ಅರ್ಧ ಆಂಪಿಯರಿಗೂ ಹೆಚ್ಚು ಕರೆಂಟು ಭೂಮಿಗೆ ಇಳಿಯುತ್ತಿತ್ತು. ಒಬ್ಬರ ಜೀವ ತೆಗೆಯಲು ಅದರ ಹತ್ತನೆಯ ಒಂದು ಪಾಲೂ ಸಾಕು. ಎಮ್‌ಸಿಬಿ ಇದಕ್ಕೆ ಬೀಳುವುದಿಲ್ಲ, ಅದು ಬೀಳುವುದು ಓವರ್‌ಲೋಡ್ ಅಥವಾ ಶಾರ್ಟ್ ಆದಾಗ ಮಾತ್ರ. ನಿಮ್ಮ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದಿದ್ದರೆ ಸೋರಿಕೆ ಶುರುವಾದ ದಿನವೇ ಅದು ಬಿದ್ದು ನಿಮಗೆ ತಿಳಿಸುತ್ತಿತ್ತು. ಕೊಟ್ಟಿಗೆಯ ಲೈನನ್ನು ಬೋರ್ಡಿನಲ್ಲಿಯೇ ಬಿಚ್ಚಿಸಿ, ಲೈಸೆನ್ಸ್ ಇರುವವರಿಂದ ಆರ್‌ಸಿಸಿಬಿ ಹಾಕಿಸಿ, ಅರ್ತಿಂಗ್ ಕೂಡ ಪರೀಕ್ಷೆ ಮಾಡಿಸಿ.

ಉತ್ತರ: ಗೋಣಿಕೊಪ್ಪಲಿನ ನಿವೃತ್ತ ನೌಕರ

ಮೀಟರ್ ದಾಟಿದ ಮೇಲೆ ಸೋರಿದ ಕರೆಂಟು ನಮ್ಮ ಲೆಕ್ಕವೇ ಆದ್ದರಿಂದ ಈ 1,850ನ್ನು ಕಟ್ಟಲೇಬೇಕಾಗುತ್ತದೆ, ಅಕ್ಕಾ. ಕೊನೆಯ ದಿನಾಂಕ ದಾಟಿಸಬೇಡಿ. ಗೃಹಜ್ಯೋತಿ ತಪ್ಪಿಹೋಯಿತೆಂಬ ಚಿಂತೆ ಮಾತ್ರ ಬೇಡ: ಮುಂದಿನ ತಿಂಗಳು 200ರೊಳಗೆ ಇದ್ದರೆ ನಿಮ್ಮ 130 ಯೂನಿಟ್ ಮತ್ತೆ ಉಚಿತವೇ.

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ

ಲೈನು ಬಿಚ್ಚಿಸಿ ಆರ್‌ಸಿಸಿಬಿ ಹಾಕಿಸಿದೆವು. ಅಂದಿನಿಂದ ಪ್ರತಿ ದಿನ ಬೆಳಿಗ್ಗೆ ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೇನೆ. ಏಳು ದಿನಕ್ಕೆ 32 ಯೂನಿಟ್ ಆಗಿದೆ. ತಿಂಗಳ ಮೊದಲ ಹತ್ತು ದಿನದ ಸೋರಿಕೆ ಸೇರಿ ಈ ಬಾರಿ 170ರ ಹತ್ತಿರ ಹೋಗಬಹುದು, ಮುಂದಿನ ತಿಂಗಳಿನಿಂದ 137ರಷ್ಟು. ಆ ಏಳು ಯೂನಿಟ್‌ನ ನಲವತ್ತು ರೂಪಾಯಿಗೆ ನಮ್ಮದೇನೂ ತಕರಾರಿಲ್ಲ. ಹೀಟರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮಗಳ ಕೋಣೆಯಲ್ಲಿ ಇಟ್ಟವರು ಯಜಮಾನರೇ.