ಇರ್ಫಾನ್ ಪಠಾಣ್ ಅವರ ಮೊದಲ ವರ್ಷಗಳು: ಆ ಇನ್‌ಸ್ವಿಂಗ್ ಹೇಗೆ ಬರುತ್ತಿತ್ತು, ಯಾಕೆ ನಿಂತಿತು?

ಹೊಸಚೆಂಡು:
2003ರ ಡಿಸೆಂಬರ್, ಅಡಿಲೇಡ್. 19ರ ಹುಡುಗನಿಗೆ ಮೊದಲ ಟೆಸ್ಟ್ ವಿಕೆಟ್ ಆಗಿ ಸಿಕ್ಕಿದ್ದು ಮ್ಯಾಥ್ಯೂ ಹೇಡನ್. 2006ರ ಜನವರಿಯಲ್ಲಿ ಕರಾಚಿಯ ಹ್ಯಾಟ್ರಿಕ್. 2008ರ ಏಪ್ರಿಲ್ ಹೊತ್ತಿಗೆ ಟೆಸ್ಟ್ ಆಟ ಮುಗಿದೇಹೋಯಿತು: 29 ಪಂದ್ಯ, 100 ವಿಕೆಟ್. ಎಲ್ಲರೂ 2005-07ರಲ್ಲಿ ಭಾರತದ ಕೋಚ್ ಆಗಿದ್ದ ಗ್ರೆಗ್ ಚಾಪೆಲ್ ಕಡೆ ಬೆರಳು ತೋರಿಸುತ್ತಾರೆ, ಬ್ಯಾಟಿಂಗ್‌ನಲ್ಲಿ ಮೂರನೇ ಕ್ರಮಾಂಕಕ್ಕೆ ಏರಿಸಿ ಬೌಲಿಂಗ್ ಕೆಡಿಸಿದರು ಅಂತ. ಬೌಲಿಂಗ್ ಬಲ್ಲವರು ಹೇಳಿ, ಕೈಯಲ್ಲಿ ನಿಜವಾಗಿ ಏನು ಬದಲಾಯಿತು?

ಎಡಗೈ_ಓವರ್:
ಮೊದಲು ಆ ಚೆಂಡು ಹೇಗೆ ಕೆಲಸ ಮಾಡುತ್ತಿತ್ತು ಅಂತ ನೋಡೋಣ. ಎಡಗೈಯವನು ಓವರ್ ದ ವಿಕೆಟ್ (ಬೌಲಿಂಗ್ ಕೈ ಸ್ಟಂಪ್ ಪಕ್ಕ ಇರುವಂತೆ) ಬಂದರೆ ಚೆಂಡಿನ ಕೋನ ಬಲಗೈ ಬ್ಯಾಟರ್‌ನಿಂದ ದೂರ, ಸ್ಲಿಪ್ ಕಡೆಗೆ. ಇರ್ಫಾನ್ ಚೆಂಡು ಹಾಗೇ ಹೊರಟು, ಕೊನೆಯ ಕೆಲವು ಅಡಿಗಳಲ್ಲಿ ಗಾಳಿಯಲ್ಲೇ ಒಳಗೆ ತಿರುಗುತ್ತಿತ್ತು, ಅದೇ ಇನ್‌ಸ್ವಿಂಗ್. ಬಿಡೋಣ ಅಂದುಕೊಂಡವನು ಬೌಲ್ಡ್, ಮುಂಗಾಲು ಅಡ್ಡ ಇಟ್ಟವನು ಎಲ್‌ಬಿಡಬ್ಲ್ಯು.

ಹಿಡಿತ ಸರಳ. ತೋರುಬೆರಳು, ನಡುಬೆರಳು ಸೀಮ್‌ನ (ಚೆಂಡಿನ ಹೊಲಿಗೆಯ) ಎರಡೂ ಪಕ್ಕ ಹತ್ತಿರ ಹತ್ತಿರ, ಹೆಬ್ಬೆರಳು ಕೆಳಗೆ ಸೀಮ್ ಮೇಲೆ. ಸೀಮ್ ಫೈನ್ ಲೆಗ್ ಕಡೆ (ಬ್ಯಾಟರ್ ಕಾಲಿನ ಬದಿಯ ಹಿಂಭಾಗಕ್ಕೆ) ಸ್ವಲ್ಪ ವಾಲಿರಬೇಕು, ಹೊಳಪಿನ ಬದಿ ಆಫ್ ಕಡೆಗಿರಬೇಕು. ಕಷ್ಟ ಇರೋದು ಮಣಿಕಟ್ಟಿನಲ್ಲಿ. ಬಿಡುವ ಕ್ಷಣದಲ್ಲಿ ಅದು ಚೆಂಡಿನ ನೇರ ಹಿಂದೆ ಇದ್ದರೆ ಮಾತ್ರ ಸೀಮ್ ಅಲುಗಾಡದೆ ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಮಣಿಕಟ್ಟು ಪಕ್ಕಕ್ಕೆ ಜಾರಿತೋ, ಸೀಮ್ ತೂರಾಡುತ್ತದೆ, ಸ್ವಿಂಗ್ ಸಾಯುತ್ತದೆ.

ಇದೇ ಚೆಂಡು ಎಡಗೈ ಬ್ಯಾಟರ್‌ಗೆ ಹೊರಹೋಗುತ್ತದೆ. ಹೇಡನ್ ಅಡಿಲೇಡ್‌ನಲ್ಲಿ ಕೀಪರ್ ಪಾರ್ಥಿವ್ ಪಟೇಲ್‌ಗೆ ಕ್ಯಾಚ್ ಕೊಟ್ಟರು. ಕರಾಚಿಯಲ್ಲಿ ಸಲ್ಮಾನ್ ಬಟ್ ಕ್ಯಾಚ್ ಸ್ಲಿಪ್‌ನಲ್ಲಿ ನಮ್ಮ ದ್ರಾವಿಡ್ ಕೈಗೆ ಹೋಯಿತು. ಆಮೇಲೆ ಬಲಗೈಯವರು: ಯೂನಿಸ್ ಖಾನ್ ಎಲ್‌ಬಿಡಬ್ಲ್ಯು, ಮೊಹಮ್ಮದ್ ಯೂಸುಫ್ ಬೌಲ್ಡ್. ಮೊದಲ ಓವರಿನ 4, 5, 6ನೇ ಎಸೆತ. ಟೆಸ್ಟ್ ಪಂದ್ಯದ ಮೊದಲ ಓವರಿನಲ್ಲೇ ಹ್ಯಾಟ್ರಿಕ್ ಅದಕ್ಕೂ ಮೊದಲು ಯಾರೂ ಪಡೆದಿರಲಿಲ್ಲ.

ಸ್ಕೋರ್‌ಬುಕ್:
ಆ ಕರಾಚಿ ಪಂದ್ಯವನ್ನು ಪೂರ್ತಿ ನೋಡಿ, ಉತ್ತರ ಅಲ್ಲೇ ಇದೆ. 39 ರನ್‌ಗೆ 6 ವಿಕೆಟ್ ಕಳೆದುಕೊಂಡಿದ್ದ ಪಾಕಿಸ್ತಾನ, ಕಮ್ರಾನ್ ಅಕ್ಮಲ್ 113 ಹೊಡೆದ ಮೇಲೆ 245ಕ್ಕೆ ಹೋಯಿತು. ಎರಡನೇ ಇನಿಂಗ್ಸ್‌ನಲ್ಲಿ 7 ವಿಕೆಟ್‌ಗೆ 599, ಡಿಕ್ಲೇರ್. ನಾವು ಸೋತದ್ದು 341 ರನ್‌ನಿಂದ. ಹೊಸ ಚೆಂಡಿನ ಹೊಳಪು ಹೋದ ಮೇಲೆ ಇರ್ಫಾನ್ ಹತ್ತಿರ ಎರಡನೇ ಅಸ್ತ್ರ ಕಡಿಮೆ. ಆಸ್ಟ್ರೇಲಿಯಾದ ಕೂಕಬುರಾ ಕಂಪನಿಯ ಚೆಂಡಿನ ಸೀಮ್ ಬೇಗ ಮಲಗುತ್ತದೆ, ನಮ್ಮಲ್ಲಿ ಬಳಸುವ ಎಸ್‌ಜಿ ಚೆಂಡಿನಷ್ಟು ಹೊತ್ತು ಎದ್ದು ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ. 2004ರ ಕೊನೆಯಲ್ಲಿ ಬಾಂಗ್ಲಾದೇಶದಲ್ಲಿ 2 ಟೆಸ್ಟ್, 18 ವಿಕೆಟ್. 2005ರಲ್ಲಿ ಜಿಂಬಾಬ್ವೆಯಲ್ಲಿ 2 ಟೆಸ್ಟ್, 21 ವಿಕೆಟ್. ಅಲ್ಲಿಗೆ ಈ ಎರಡು ದುರ್ಬಲ ತಂಡಗಳ ಮೇಲೆ ನಾಲ್ಕೇ ಪಂದ್ಯದಲ್ಲಿ 39. ಉಳಿದ 25 ಪಂದ್ಯದಲ್ಲಿ 61. ಅಂದರೆ ಆರಂಭದ ಅಂಕಿಗಳೇ ನಮ್ಮ ನಿರೀಕ್ಷೆಯನ್ನು ಅತಿಯಾಗಿ ಏರಿಸಿದ್ದವು. ಹಾಗಂತ ಪ್ರತಿಭೆ ಸುಳ್ಳಲ್ಲ. 2004ರ ಸಿಡ್ನಿಯಲ್ಲಿ ಗಿಲ್‌ಕ್ರಿಸ್ಟ್‌ರನ್ನು ಬೌಲ್ಡ್ ಮಾಡಿದ ಯಾರ್ಕರ್, ಅದೇ ವರ್ಷ ಪಾಕಿಸ್ತಾನದಲ್ಲಿ 3 ಟೆಸ್ಟ್‌ಗೆ 12 ವಿಕೆಟ್, ಇವು ದುರ್ಬಲ ತಂಡಗಳ ಮೇಲೆ ಬಂದದ್ದಲ್ಲ.

ಹೊಸಚೆಂಡು:
39/61 ಲೆಕ್ಕ ಹೀಗೆ ಬಿಡಿಸಿ ನೋಡಿರಲಿಲ್ಲ. ಹಾಗಾದರೆ ಚಾಪೆಲ್ ಪಾತ್ರ?

ಎಡಗೈ_ಓವರ್:
ಮೂರನೇ ಕ್ರಮಾಂಕದಲ್ಲಿ ಆಡಿಸುವ ಯೋಚನೆ ಸಚಿನ್‌ರದು ಅಂತ ಇರ್ಫಾನ್ ಅವರೇ ಹೇಳಿದ್ದಾರೆ, ಆ ವಾದ ಅಲ್ಲಿಗೆ ಬಿಡಬಹುದು. ಬ್ಯಾಟಿಂಗ್ ಅವರಿಗೆ ಹೊರೆಯೂ ಆಗಿರಲಿಲ್ಲ, 2007ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲೇ ಪಾಕಿಸ್ತಾನದ ಮೇಲೆ 102 ಹೊಡೆದರು. ನನ್ನ ಪ್ರಕಾರ ಪೆಟ್ಟು ಬಿದ್ದದ್ದು ವೇಗಕ್ಕೆ. ತಡವಾಗಿ ತಿರುಗುವ ಚೆಂಡು ಗಂಟೆಗೆ 130 ಕಿ.ಮೀ. ಆಸುಪಾಸಿನಲ್ಲಿ ಬಂದರೆ ಬ್ಯಾಟರ್‌ಗೆ ತಿದ್ದಿಕೊಳ್ಳಲು ಸಮಯವಿಲ್ಲ. 120ಕ್ಕೆ ಇಳಿದರೆ ಅದೇ ತಿರುವನ್ನು ಕಾದು ಆಡುತ್ತಾನೆ. ವೇಗ ಹುಡುಕಲು ಹೋಗಿ ದೇಹವನ್ನು ಬಲವಂತವಾಗಿ ಎಳೆದರೆ ಮುಂದೆ ಎತ್ತಿದ ಬಲಗೈ ಬೇಗ ಬೀಳುತ್ತದೆ, ತಲೆ ಪಕ್ಕಕ್ಕೆ ವಾಲುತ್ತದೆ, ಹಿಂದೆಯೇ ಮಣಿಕಟ್ಟೂ ಜಾರುತ್ತದೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೈಕೊಡುತ್ತದೆ.

ಎಡಗೈ ಹುಡುಗರಿಗೆ ಕಲಿಸುವವರು ಅರ್ಧ ಬಿಳಿ ಅರ್ಧ ಕೆಂಪು ಚೆಂಡು ಕೊಟ್ಟು, ಐದಾರು ಹೆಜ್ಜೆಯಿಂದ ಹಾಕಿಸಿ. ಗಾಳಿಯಲ್ಲಿ ಎರಡು ಬಣ್ಣ ಬೇರೆಬೇರೆಯಾಗಿ ಕಂಡರೆ ಸೀಮ್ ನೆಟ್ಟಗಿದೆ. ಬಣ್ಣ ಕಲಸಿದಂತೆ ಕಂಡರೆ ರನ್‌ಅಪ್ ಉದ್ದ ಮಾಡಬೇಡಿ, ಮೊದಲು ಮಣಿಕಟ್ಟು ನೋಡಿ.